ಮರಿಮೀನಿನ ನಕ್ಷೆಗೆ ರುಕ್ಮವ್ವನ ರೊಟ್ಟಿ

ಕೃಷ್ಣೆಯ ದಂಡೆಯ ಉಗಾರ ಬುದ್ರುಕದ ರುಕ್ಮವ್ವ ಹುಟ್ಟಿದಾಗಿನಿಂದ ಮೀನಿನ ರುಚಿ ಕಂಡವಳಲ್ಲ. ಆದರೆ ಹೊಳೆಯ ಮೀನಿಗೆ ರೊಟ್ಟಿ ಹಾಕದೆ ತಾನು ತುತ್ತು ಎತ್ತಿದವಳೂ ಅಲ್ಲ. ಸೊಸೆಯಾಗಿ ಬಂದಾಗ ಅತ್ತೆ ಹಚ್ಚಿಕೊಟ್ಟ ರೂಢಿ ಅದು: ಹಂಚಿನ ಮೊದಲ ರೊಟ್ಟಿ ಹೊಳೆತಾಯಿ ಗಂಗವ್ವನ ಎಡೆ. ಅದನ್ನು ಹೊಳೆಯ ಘಾಟಿನ ಮೆಟ್ಟಿಲಿಗೊಯ್ದು ಚೂರು ಮಾಡಿ ನೀರಿಗೆ ಚೆಲ್ಲಬೇಕು, ಹೊಟ್ಟೆಯ ಮಾತು ಆಮೇಲೆ.

ಇಂಥ ಮನೆಯ ಮೊಮ್ಮಗಳು ದೀಪಾಲಿ ಮೀನುಗಾರಿಕೆ ಓದಲು ಹೊರಟರೆ ಓಣಿ ಸುಮ್ಮನಿದ್ದೀತೇ? “ಮೀನ ತಿನ್ನದ ಮನ್ಯಾಗ ಮೀನಿನ ಮಾಸ್ತರಿಣಿ” ಎಂದು ನಕ್ಕಿತು. ನಗುವವರ ಹಲ್ಲು ಕಾಣುತ್ತದೆ, ಅಷ್ಟೇ. ಹುಡುಗಿ ಓದಿದಳು.

ಹಳ್ಳ ಬಂದು ಕೃಷ್ಣೆಯನ್ನು ಸೇರುವಲ್ಲಿ ಮರಿಮೀನುಗಳು ಎಲ್ಲಿ ಬೀಡು ಬಿಡುತ್ತವೆಂದು ಕಂಪ್ಯೂಟರಿನಿಂದ ಮೊದಲೇ ಹೇಳಿಸುವುದು ಅವಳ ಕಾಲೇಜಿನ ಕೆಲಸ. ನೀರಿನ ಆಳ, ಸೆಳವು, ಜೊಂಡು ಎಲ್ಲ ಅಳೆದು ಅದಕ್ಕೆ ಉಣಿಸಿದ್ದಳು. ಅದು ನಕ್ಷೆಯಲ್ಲಿ ಜೊಂಡಿನ ಜಾಗಕ್ಕೆ ಕೆಂಪು ಬಳಿದು, ಮರಿಗಳು ಇಲ್ಲೇ ಎಂದಿತು. ಅಂಬಿಗರ ದುರಗಪ್ಪ ಬಲೆ ಬೀಸಿದರೆ ಅಲ್ಲಿ ಬರೀ ಕಸ! ಮರಿಗಳೆಲ್ಲ ಬರಿಗಲ್ಲಿನ ಘಾಟಿನಲ್ಲಿ. ಮುಂದಿನ ವಾರ ಕಾಲೇಜಿನ ಗುರುಗಳು ಬಂದು ಎದುರಿಗೇ ಬಲೆ ಹಾಕಿಸುವವರಿದ್ದರು. ನಕ್ಷೆ ತಪ್ಪಿದರೆ ಇಷ್ಟು ದಿನದ ದುಡಿತವೆಲ್ಲ ಹೊಳೆಪಾಲು.

ಹುಡುಗಿ ಊಟ ಬಿಟ್ಟು ಕುಳಿತಳು. ರುಕ್ಮವ್ವ ನಕ್ಷೆಯ ಮುಂದೆ ಬಂದು ಕುಳಿತಳು. ಕೆಂಪು ಬಣ್ಣ ಯಾವ ಜಾಗದ್ದೆಂದು ಕೇಳಿ ತಿಳಿದುಕೊಂಡಳು. ಮರುದಿನದಿಂದ ಸೀರೆ ಎತ್ತಿ ಕಟ್ಟಿ, ಕೆಸರು ತುಳಿದು, ಎಡೆಯ ರೊಟ್ಟಿಯನ್ನು ಜೊಂಡಿನಲ್ಲೇ ಚೆಲ್ಲತೊಡಗಿದಳು. ಎರಡೇ ದಿನಕ್ಕೆ ದುರಗಪ್ಪನ ಬಲೆಯಲ್ಲಿ ಮರಿಗಳು ಬಂದವು. ದೀಪಾಲಿ ಕುಣಿದಳು. ಆದರೆ ಮರುದಿನ ಬೆಳಗ್ಗೆ ನೀರು ಅಳೆಯಲು ಹೋದವಳ ಕಣ್ಣಿಗೆ ಬಿದ್ದದ್ದು ಮೊಣಕಾಲುದ್ದ ಕೆಸರಿನಲ್ಲಿ ನಿಂತ ಅಜ್ಜಿ.

“ಆಯಿ, ಇಲ್ಲೇನ ಮಾಡಾಕತ್ತಿ?”

“ನಿನ್ನ ಕಂಪ್ಯೂಟರಕ ಜರಾ ಕೈ ಹಚ್ಚಾಕತ್ತೀನವ್ವಾ.”

ದೀಪಾಲಿ ಕೆಸರಿನಲ್ಲೇ ಕುಸಿದು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಕ್ಕು ಮುಗಿದಾಗ ಗುಟ್ಟು ಹೊಳೆಯಿತು. “ಘಾಟಿನಾಗ ಮರಿ ಕೂಡಿದ್ದೂ ನಿನ್ನ ರೊಟ್ಟಿಗೇನ ಹಂಗಾರ. ಗುರುಗಳು ಬರೂತನಾ ಎಲ್ಲೂ ಹಾಕಬ್ಯಾಡ ಆಯಿ. ನಕ್ಷೆ ಖರೆನೋ ಸುಳ್ಳೋ, ತಾನ ತೋರಿಸ್ಲಿ.”

ರುಕ್ಮವ್ವ ಒಪ್ಪಿದಳು. ಆದರೆ ಎಡೆ ಕೊಡದೆ ರೊಟ್ಟಿ ಮುಟ್ಟುವುದೆಂತು? ಸೊಸೆ ಬೈದರೂ ಹಾಲು, ಬಾಳೆಹಣ್ಣಿನಲ್ಲೇ ದಿನ ದೂಡಿದಳು.

ಗುರುಗಳು ಬಂದರು. ದುರಗಪ್ಪ ಮೊದಲು ಘಾಟಿನಲ್ಲಿ ಬಲೆ ಬೀಸಿದ, ಖಾಲಿ. ಆಮೇಲೆ ಜೊಂಡಿನಲ್ಲಿ. ಬಲೆ ಮೇಲೆದ್ದಾಗ ಅದರ ತುಂಬ ಮರಿಗಳು ಪಟಪಟ ಹಾರುತ್ತಿದ್ದವು.

“ನಕ್ಷೆ ಬರೋಬರಿ ಐತಿ” ಎಂದು ಗುರುಗಳು ಮರಿಗಳನ್ನು ನೀರಿಗೆ ಬಿಡಿಸಿದರು.

ದೀಪಾಲಿ ಚೀಲದಿಂದ ಬಟ್ಟೆಯ ಗಂಟು ತೆಗೆದಳು. ಒಳಗೆ ಅವಳೇ ಬಡಿದ ಸೊಟ್ಟ ರೊಟ್ಟಿ, ಅಂಚು ಸೀದಿತ್ತು.

“ಎಡಿ ಕೊಡು ಆಯಿ. ಘಾಟಿನಾಗ ಹಾಕು, ದಿನಾ ಹಾಕ್ತಿದ್ದಲ್ಲೆ.”

“ನಿನ್ನ ಲೆಕ್ಕ ಮತ್ತ ಕೆಟ್ಟೀತು.”

“ಕೆಡೂದಿಲ್ಲ. ಇನ್ನ ಮ್ಯಾಲೆ ಕಂಪ್ಯೂಟರಕ ಎಲ್ಲಾ ಹೇಳ್ತೀನಿ. ಆಳ, ಸೆಳವು, ಜೊಂಡು, ಅವುಗಳ ಜೋಡಿ ನಮ್ಮ ಆಯಿ.”

ರುಕ್ಮವ್ವ ಅರ್ಧ ರೊಟ್ಟಿಯನ್ನು ನೀರಿಗೆ ಚೆಲ್ಲಿ, ಉಳಿದರ್ಧವನ್ನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಸೀದ ಅಂಚೂ ಬಿಡದೆ ತಿಂದಳು.