ಅರ್ಧ ತೆರೆದ ಗೇಟು

ಅಪ್ಪನ ಕೈ ನಡುಗತೊಡಗಿದ ಮೇಲೆ ನರಗುಂದದ ನಮ್ಮ ರಿಪೇರಿ ಅಂಗಡಿಯಲ್ಲಿ ನಾನೇ ಕೂತೆ. ಇನ್ವರ್ಟರ್ ಬಿಚ್ಚುವ ಹೆಣ್ಣನ್ನು ಊರು ನೋಡಿರಲಿಲ್ಲ. ನೋಡಲಿ ಅಂತಲೇ ಬಾಗಿಲು ಪೂರ್ತಿ ತೆಗೆದಿಡುತ್ತಿದ್ದೆ. ಅಣ್ಣನಿಗೆ ಆ ಜಾಗದಲ್ಲಿ ಮೊಬೈಲ್ ಕರೆನ್ಸಿ ಮಾರುವ ಆಸೆ. ನೆಪಕ್ಕಾಗಿ ಕಾಯುತ್ತಿದ್ದ. ದಲಾಲಿ ಅಂಗಡಿಯ ಸಾಹುಕಾರರ ಇನ್ವರ್ಟರ್ ಅದನ್ನು ಒದಗಿಸಿತು.

ಲೋಡ್ ಶೆಡ್ಡಿಂಗ್ ಕಾಲ. ಸಾಹುಕಾರರ ತೂಕದ ಯಂತ್ರ, ದೀಪ ಎಲ್ಲ ಆ ಪೆಟ್ಟಿಗೆಯನ್ನೇ ನಂಬಿದ್ದವು. ಸುಟ್ಟ ಟ್ರಾನ್ಸಿಸ್ಟರ್ ಬದಲಿಸಿ ಕೊಟ್ಟರೆ ಕೆಲವೇ ದಿನಕ್ಕೆ ಮತ್ತೆ ಸುಟ್ಟು ಬರುತ್ತಿತ್ತು. "ಡುಪ್ಲಿಕೇಟ್ ಮಾಲ್ ಹಾಕ್ತಾಳ್ರಿ," ಎಂದು ಬಜಾರು ತೀರ್ಪು ಕೊಟ್ಟಿತು. ಅಣ್ಣ ಅಂದ, "ಇನ್ನೊಮ್ಮೆ ಸುಟ್ಟರ ಅಂಗಡಿ ಕೀಲಿ ನನಗ ಕೊಡಬೇಕು ನೋಡು." ಅಪ್ಪ ಸುಮ್ಮನಿದ್ದ. ಅಣ್ಣನ ಮಾತಿಗಿಂತ ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

"ಹೊಸಾವು ಹಾಕಿ ಲಗೂ ಕೊಡವಾ," ಎಂದರು ಸಾಹುಕಾರರು.

"ಹಾಕೂದಿಲ್ರಿ. ಯಾಕ ಸುಡತೈತಿ ಅಂತ ತಿಳೀಲಿ, ಆಮ್ಯಾಲ ಹಾಕ್ತೀನಿ."

ಸುಡುತ್ತಿದ್ದುದು ಯಾವಾಗಲೂ ಎಡಬದಿಯ ಸಾಲು. ಮೊದಲ ಸಲವೇ ಎರಡೂ ಬದಿಗೆ ಒಂದೇ ಮಾಲು ಹಾಕಿದ್ದೆ. ಅದು ಡುಪ್ಲಿಕೇಟ್ ಆಗಿದ್ದರೆ ಬಲಬದಿಯದು ಯಾವ ಪುಣ್ಯ ಮಾಡಿತ್ತು? ಸುಟ್ಟವನ್ನು ಕಳಚಿ, ಎರಡೂ ಬದಿಯ ಗೇಟಿಗೆ, ಅಂದರೆ ಟ್ರಾನ್ಸಿಸ್ಟರನ್ನು ತೆರೆದು ಮುಚ್ಚುವ ಕಾಲು ಕೂರುವ ಜಾಗಕ್ಕೆ, ಮೀಟರ್ ಹಚ್ಚಿದೆ. ಬಲಕ್ಕೆ ಬರುತ್ತಿದ್ದ ವೋಲ್ಟೇಜಿನ ಅರ್ಧವೂ ಎಡಕ್ಕಿರಲಿಲ್ಲ. ಗೇಟಿಗೆ ವೋಲ್ಟೇಜ್ ಸಾಲದಿದ್ದರೆ ಟ್ರಾನ್ಸಿಸ್ಟರ್ ಅರ್ಧವೇ ತೆರೆದು, ಹೊರೆಯೆಲ್ಲ ಮೈಮೇಲೆ ಎಳೆದುಕೊಂಡು, ಕಾದು ಸಾಯುತ್ತದೆ. ಒಳಗಿನ ಸರ್ಕ್ಯೂಟ್ ಬೋರ್ಡನ್ನು ಬಿಸಿಲಿಗೆ ಹಿಡಿದೆ. ಎಡಗಡೆಯ ಗೇಟಿಗೆ ಹೋಗುವ ತಾಮ್ರದ ಗೆರೆ ಹಸಿರುಗಟ್ಟಿ ಸವೆದಿತ್ತು. ಸುತ್ತ ಜಿಗುಟು ಕಲೆ. ಮೂಸಿದರೆ ಕಮಟು ಕೊಬ್ಬರಿ ವಾಸನೆ.

"ಅಮಾಸಿಗೆ ಕಾಯಿ ಒಡದ ನೀರು ಎಲ್ಲಿ ಹಾಕ್ತೀರಿ?" ಎಂದು ಸಾಹುಕಾರರನ್ನು ಕೇಳಿದೆ.

"ಪೆಟ್ಟಿಗಿ ಮ್ಯಾಲ. ಅದೂ ಲಕ್ಷ್ಮಿ ಅಲ್ಲೇನು?"

ಅಮಾವಾಸ್ಯೆಗೆ ಗಾಡಿ, ಯಂತ್ರ, ತಕ್ಕಡಿಗೆ ಪೂಜೆ ಮಾಡುವುದು ನಮ್ಮ ಕಡೆ ಇದ್ದದ್ದೇ. ಆ ನೀರು ಮೇಲಿನ ಗಾಳಿಕಿಂಡಿಯಿಂದ ಒಳಗಿಳಿದು ಬೋರ್ಡು ತಿಂದಿತ್ತು. ಹೇಳಿದ್ದಕ್ಕೆ ಸಾಹುಕಾರರ ಮುಖ ಕೆಂಪಾಯಿತು.

"ನನ್ನ ಪೂಜಾಕ್ಕ ಹೆಸರಿಡ್ತಿಯೇನು?"

"ಪೂಜಾಕ್ಕಲ್ರಿ. ದೇವರು ಕಾಯಿ ಒಡಿ ಅಂದಾನ, ಗಾಳಿಕಿಂಡ್ಯಾಗ ಸುರಿ ಅಂದಿಲ್ಲ. ಇನ್ನ ಮ್ಯಾಲ ಹೊಸ್ತಿಲದಾಗ ಒಡೀರಿ. ಇಲ್ಲಾಂದ್ರ ಈ ಪೆಟ್ಟಿಗಿ ನಾ ಮುಟ್ಟೂದಿಲ್ಲ."

ಕಲೆ ತೊಳೆದು, ಸವೆದ ಗೆರೆಯ ಮೇಲೆ ತಂತಿ ಬೆಸೆದೆ. ಎರಡೂ ಬದಿ ಸಮ ಬಂದ ಮೇಲೆಯೇ ಹೊಸ ಟ್ರಾನ್ಸಿಸ್ಟರ್ ಕೂರಿಸಿದೆ. ಸಾಹುಕಾರರು ಗೊಣಗುತ್ತಲೇ ಕಾಯಿಯನ್ನು ಹೊಸ್ತಿಲಿಗೆ ಒಯ್ದರು. ಅಮಾವಾಸ್ಯೆ ಬಂತು, ಹೋಯಿತು, ಮತ್ತೆ ಬಂತು. ಅವರ ದೀಪ ಆರಲಿಲ್ಲ.

ಆದರೂ ಅಣ್ಣ ಬಂದ, ಕಂಕುಳಲ್ಲಿ ಕರೆನ್ಸಿ ಅಂಗಡಿಯ ಹೊಸ ಬೋರ್ಡು. ಬರೆಸಿಯೇ ಬಿಟ್ಟಿದ್ದ. "ಇವತ್ತಲ್ಲ ನಾಳೆ ಸುಡತೈತಿ. ಕೀಲಿ ಕೊಡು," ಅಂದ.

"ಸುಟ್ಟ ದಿನ ಬಾ," ಎಂದೆ. ಕೀಲಿ ನನ್ನ ಸೊಂಟದಲ್ಲೇ ಇತ್ತು.

ಅವನು ಬಾಗಿಲಲ್ಲಿ ನಿಂತೇ ಇದ್ದ. ಕರೆಂಟು ಬೇರೆ ಇರಲಿಲ್ಲ. ಮೂಲೆಯಲ್ಲಿ ಕೂತಿದ್ದ ಅಪ್ಪ ಅಷ್ಟು ದಿನದ ಮೇಲೆ ಬಾಯಿ ಬಿಟ್ಟ.

"ಬೆಳಕಿಗೆ ಅಡ್ಡ ನಿಂದರಬ್ಯಾಡ. ಆಕಿ ಕೆಲಸ ಮಾಡಾಕತ್ತಾಳ."