ಮಾರಲು ಹೊರಟ ಹರಿವಾಣ

ಶಿರಸಿಯಲ್ಲಿ ಸಿದ್ದಾಪುರದ ಬಸ್ಸು ಹತ್ತಿ ಕೂತೆ. ಕಂಡಕ್ಟರು ನನಗೆ ಸೊನ್ನೆ ಟಿಕೆಟ್ ಕೊಟ್ಟರು. ಆಮೇಲೆ ನನ್ನ ಕಾಲ ಬಳಿಯಿದ್ದ ಗೋಣಿಚೀಲ ನೋಡಿ, "ಇದಕ್ಕೆ ಲಗೇಜು ಆಗ್ತದೆ ಅಕ್ಕ" ಎಂದು ಮೂವತ್ತು ರೂಪಾಯಿ ತೆಗೆದುಕೊಂಡರು. ಹೆಂಗಸಿಗೆ ಪುಕ್ಕಟೆ, ಹರಿವಾಣಕ್ಕೆ ದುಡ್ಡು! ಇರಲಿ, ಮಾರಿದ ಮೇಲೆ ಮೂವತ್ತು ರೂಪಾಯಿ ಯಾವ ಲೆಕ್ಕ ಎಂದುಕೊಂಡೆ.

ಚೀಲದಲ್ಲಿದ್ದದ್ದು ಎರಡಡಿ ಅಗಲದ, ಎಂಟು ಕಿಲೋ ತೂಗುವ ಕಂಚಿನ ಹರಿವಾಣ. ಹೆಗಡೆಕಟ್ಟಾ ಹತ್ತಿರದ ನನ್ನ ತವರಿನಿಂದ ಬಂದದ್ದು. ಮುಂಜಿ, ಮದುವೆಗಳಲ್ಲಿ ತುಂಬಿಟ್ಟರೆ ಅದನ್ನು ಹೊರಲು ಇಬ್ಬರು ಬೇಕಾಗುತ್ತಿತ್ತು. ಹೆತ್ತ ಆಯಿ ತನ್ನ ಕಡೆಗಾಲದಲ್ಲಿ ಅದನ್ನು ನನಗೆ ಕೊಟ್ಟಳು. ಆದರೆ ಅದಕ್ಕೂ ಮೂವತ್ತು ವರ್ಷ ಮೊದಲೇ ನನ್ನ ಅಕ್ಕಯ್ಯನಿಗೂ "ಇದು ನಿಂಗೇ" ಎಂದಿದ್ದಳಂತೆ. ನನಗೇನು ಗೊತ್ತು? ಆಯಿಯ ಕಾರ್ಯ ಮುಗಿದ ದಿನವೇ ಅಕ್ಕಯ್ಯ ನನ್ನೊಡನೆ ಮಾತು ಬಿಟ್ಟಳು. ಒಂಬತ್ತು ವರ್ಷ. ಹೋದ ತಿಂಗಳು ಸಿದ್ದಾಪುರದಲ್ಲಿರುವ ಅವಳಿಗೆ ಕಣ್ಣಿನ ಆಪರೇಷನ್ ಆದ ಸುದ್ದಿ ನನಗೆ ಮೂರನೆಯವರ ಬಾಯಿಂದ ತಿಳಿಯಿತು. ಇರುವವಳು ಒಬ್ಬಳೇ ಅಕ್ಕ, ಇದೆಂಥ ಬದುಕು ಎನಿಸಿತು. ಈ ಹರಿವಾಣ ಮಾರಿ ಅರ್ಧ ದುಡ್ಡು ಅವಳ ಕೈಗೆ ಕೊಟ್ಟು ಜಗಳ ಮುಗಿಸಿಬಿಡಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ಮಾರುವುದು ಎಲ್ಲಿ, ಹೇಗೆ ಎಂಬುದೇ ದೊಡ್ಡ ತಲೆನೋವಾಯಿತು. ನಮ್ಮ ಮನೆಯವರು ಮೊಬೈಲಿನಲ್ಲಿ ಫೋಟೋ ಹಾಕಿದರು. ರೇಟು ಕೇಳಿದವರು ಬಹಳ, ಬಂದವರು ಒಬ್ಬರೂ ಇಲ್ಲ. ಒಬ್ಬ ಮಹಾಶಯ ಇದರಲ್ಲಿ ಮಗುವಿಗೆ ಸ್ನಾನ ಮಾಡಿಸಬಹುದೇ ಎಂದು ಕೇಳಿದ! ಹೊರಟ ದಿನ ಬೆಳಿಗ್ಗೆ ಶಿರಸಿಯ ಪಾತ್ರೆ ಅಂಗಡಿಗೂ ಹೋಗಿದ್ದೆ. ಅಂಗಡಿಯವರು ಅದನ್ನು ಮುರುಕು ಕೊಡಗಳ ಜೊತೆ ತಕ್ಕಡಿಗೆ ಹಾಕಿ, "ಐದು ಸಾವಿರ ಆಗ್ತದೆ. ಕಂಚು ಕಂಚೇ ಅಲ್ದಾ, ಯಾರ ಕಾಲದ್ದಾದರೇನು?" ಎಂದರು. ನನಗೆ ಪಿತ್ತ ನೆತ್ತಿಗೇರಿತು. ಆಯಿಯ ಹರಿವಾಣವನ್ನು ಕರಗಿಸಲು ಕೊಡುವುದೇ? ಚೀಲಕ್ಕೆ ತುರುಕಿಕೊಂಡು ಸೀದಾ ಬಸ್ ನಿಲ್ದಾಣಕ್ಕೆ ನಡೆದೆ. ಸಿದ್ದಾಪುರದಲ್ಲಿ ಹಳೆ ಸಾಮಾನು ಕೊಂಡು ಹೋಂಸ್ಟೇಗಳಿಗೆ ಕೊಡುವ ಅಂಗಡಿಯೊಂದಿದೆ, ಅಲ್ಲಿ ತೂಕಕ್ಕಲ್ಲ, ವಸ್ತುವಿಗೇ ಬೆಲೆ ಎಂದು ಕೇಳಿದ್ದೆ.

ಮೂವತ್ತೈದು ಕಿಲೋಮೀಟರಿಗೆ ಒಂದೂಕಾಲು ತಾಸು ಹಿಡಿಯಿತು. ಡಿಸೆಂಬರಿನ ಚಳಿ, ಕಿಟಕಿಯ ಗಾಜು ಮುಚ್ಚುವಂತಿರಲಿಲ್ಲ. ಸಿದ್ದಾಪುರದಲ್ಲಿ ಇಳಿದು ಎರಡು ಬನ್ಸ್ ತಿಂದು, ಚಾ ಕುಡಿದು ಅಂಗಡಿ ಹುಡುಕಿದೆ. ಮಾಲೀಕರು ಹಾನಗಲ್ ಕಡೆಯವರು. "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಸ್ಟೂಲು ಎಳೆದರು. ನಾನು ಜಂಬದಿಂದ ಚೀಲ ಬಿಚ್ಚಿದೆ. ಅವರು ಹಣೆ ಹಣೆ ಬಡಿದುಕೊಂಡರು.

"ಯಾರ್ರಿ ಇದನ್ನ ತಿಕ್ಕಿದವರು?"

"ನಾನೇ. ಎಂತ ಆಯ್ತು?"

ಮುನ್ನಾದಿನ ಅರ್ಧ ಕಿಲೋ ಹುಣಸೆಹಣ್ಣು ನೆನೆಸಿ, ಬೂದಿ ಬೆರೆಸಿ, ರಟ್ಟೆ ಬೀಳುವವರೆಗೆ ತಿಕ್ಕಿದ್ದೆ. ನಮ್ಮಲ್ಲಿ ಕಪ್ಪು ಹಿಡಿದ ಪಾತ್ರೆಯನ್ನು ಮನೆಯಿಂದ ಹೊರಗೆ ಕಳಿಸಿದರೆ ಹೆಂಗಸಿನ ಮರ್ಯಾದೆ ಹೋದ ಹಾಗೆ. ಬೆನ್ನಿಗೆ ಕಟ್ಟಿದ್ದ ಜಿಡ್ಡು, ಮಸಿ ಎಲ್ಲ ಹೋಗಿ ಹರಿವಾಣ ಮದುಮಗಳ ಹಾಗೆ ಹೊಳೆಯುತ್ತಿತ್ತು.

"ಆ ಹಳೇ ಬಣ್ಣಕ್ಕ ರೊಕ್ಕ ಇತ್ತರಿ ಅಕ್ಕಾರ! ಹದಿನೆಂಟು ಸಾವಿರ ಬರೋದು, ಈಗ ಹತ್ತಕ್ಕ ಬಂತು" ಎಂದರು. ಹುಣಸೆಹಣ್ಣಿಗೆ ಎಂಟು ಸಾವಿರ ಸುರಿದ ಹಾಗಾಯಿತಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ. ಆದರೂ ಹತ್ತೇನು ಕಮ್ಮಿಯಲ್ಲ. ಆಯಿತು ಎನ್ನಬೇಕು, ಅಷ್ಟರಲ್ಲಿ ಅವರು ಹರಿವಾಣ ಮಗುಚಿ, ಕೈಗಾಜು ಹಿಡಿದು ಬೆನ್ನು ನೋಡಿದರು. ಅಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದದ್ದೇನೋ ಇತ್ತು. ತಿಕ್ಕುವಾಗ ನನಗೂ ಕಂಡಿತ್ತು. ಕನ್ನಡಕ ಹಾಕಿರಲಿಲ್ಲ, ಚಿತ್ತಾರವಿರಬೇಕು ಎಂದುಕೊಂಡಿದ್ದೆ.

"'ಮೇಲಿನಮನೆ, ಮಾಗೋಡು' ಅಂತ ಐತಿ. ಇದು ನಿಮ್ಮ ಮನೀ ಹೆಸರ ಹೌದೇನ್ರಿ?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು, ಅವರೇನು ಪಂಚಾಯ್ತಿ ಕರೆಯುತ್ತಿದ್ದರೇ? ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಅಲ್ಲ" ಎಂದೆ. ಅವರು ಹರಿವಾಣವನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. "ಹಂಗಾರ ಮೊದಲ ಅವರನ್ನ ಕೇಳ್ರಿ. ಬ್ಯಾರೇದವರ ಹೆಸರಿನ ಸಾಮಾನು ತಗೊಂಡು ಒಮ್ಮೆ ಬೈಸಿಕೊಂಡೀನಿ."

ಹೊರಗೆ ಬಂದು ರಸ್ತೆ ಬದಿ ನಿಂತೆ. ಹಿಂದೆಲ್ಲ ಮುಂಜಿ, ಮದುವೆ ಬಂದರೆ ದೊಡ್ಡ ಪಾತ್ರೆಗಳು ಮನೆಯಿಂದ ಮನೆಗೆ ಹೋಗುತ್ತಿದ್ದವು. ಕೊಟ್ಟದ್ದು ಮರೆಯಬಾರದೆಂದೇ ಬೆನ್ನಿಗೆ ಹೆಸರು ಕೊರೆಸುತ್ತಿದ್ದರು. ಹಾಗಾದರೆ ಇದು ಎರವಲು ತಂದದ್ದು, ವಾಪಸು ಹೋಗದೆ ಉಳಿದದ್ದು! ನನ್ನದಲ್ಲ, ಆಯಿಯದಲ್ಲ, ಅಕ್ಕಯ್ಯನದಂತೂ ಅಲ್ಲವೇ ಅಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಐವತ್ತು ರೂಪಾಯಿಗೆ ರಿಕ್ಷಾ ಹಿಡಿದು ಅಕ್ಕಯ್ಯನ ಮನೆಗೇ ಹೋದೆ.

ಕರಿ ಕನ್ನಡಕ ಹಾಕಿಕೊಂಡು ಅವಳೇ ಬಾಗಿಲು ತೆರೆದಳು. ನನ್ನನ್ನು ನೋಡಿದಳು, ಚೀಲ ನೋಡಿದಳು.

"ಇದನ್ನ ಎಂತಕ್ಕೆ ತಂದ್ಯೆ?"

"ಮಾರಿ ಅರ್ಧ ನಿಂಗೆ ಕೊಡನ ಹೇಳಿ ಹೊರಟಿದ್ದಿ ಅಕ್ಕಯ್ಯ. ಆದ್ರೆ ಇದು ನಮ್ಮದೇ ಅಲ್ಲ. ಓದು ಇಲ್ಲಿ."

ಅವಳು ಹರಿವಾಣವನ್ನು ಬಾಗಿಲ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಓದಿದಳು. ಎರಡು ಸಲ ಓದಿದಳು. "ಹೊಸ ಕಣ್ಣಲ್ಲಿ ಇದನ್ನೇ ಓದಕಾಯ್ತು ನೋಡು" ಎಂದವಳೇ ನಗತೊಡಗಿದಳು. ನಾನೂ ನಕ್ಕೆ. ಕಣ್ಣಿಗೆ ನೀರು ತಾಗಿಸಬಾರದು ಎಂದು ಡಾಕ್ಟರು ಹೇಳಿದ್ದಾರೆ, ಅಳಿಸಬೇಡ ಎಂದು ನನಗೇ ಗದರಿದಳು. "ಒಳಗೆ ಬಾ ಕೂಸೇ, ಚಳಿ ಇದ್ದು" ಎಂದಳು. ನನಗೀಗ ಐವತ್ತೊಂಬತ್ತು. ಕೂಸೇ ಎಂದು ಕರೆಯುವವರು ಬೇರೆ ಯಾರೂ ಉಳಿದಿಲ್ಲ.

ಮರುದಿನ ಬೆಳಿಗ್ಗೆ ಹರಿವಾಣ ಹಿಂದಿರುಗಿಸಲು ಇಬ್ಬರೂ ಮಾಗೋಡಿಗೆ ಹೊರಟೆವು. ಎರಡು ಸೊನ್ನೆ ಟಿಕೆಟ್, ಒಂದು ಲಗೇಜು. ಶಿರಸಿಯಲ್ಲಿ ಇಳಿದು ಮಿಸಳ್ ತಿಂದು ಯಲ್ಲಾಪುರದ ಬಸ್ಸು ಹಿಡಿದೆವು. ಐವತ್ತು ಕಿಲೋಮೀಟರು ದಾರಿಯಲ್ಲಿ ಅಕ್ಕಯ್ಯನ ಬಾಯಿ ಒಂದು ಗಳಿಗೆ ನಿಲ್ಲಲಿಲ್ಲ. ಒಂಬತ್ತು ವರ್ಷದ ಬಾಕಿಯಲ್ಲವೇ, ಹೇಳಲಿ ಎಂದು ಕೇಳುತ್ತ ಕೂತೆ.

ಯಲ್ಲಾಪುರದಲ್ಲಿ ಹೊಸ ತಕರಾರು ಬಂತು. ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಕ್ರಮವಿಲ್ಲ. ಒಂದು ತೆಂಗಿನಕಾಯಿ, ಒಂದಚ್ಚು ಬೆಲ್ಲ ಸಾಕು ಎಂದೆ ನಾನು. "ಇಷ್ಟು ವರ್ಷ ಇಟ್ಗಂಡು ಒಂದು ಕಾಯಿ ಕೊಡ್ತ್ಯ? ನಾಚಿಕೆ ಇಲ್ಲೆ ನಿಂಗೆ!" ಎಂದಳು ಅಕ್ಕಯ್ಯ. ಐದು ಕಾಯಿ, ಎರಡು ಕಿಲೋ ಬೆಲ್ಲ, ಒಂದು ಚಿಪ್ಪು ಬಾಳೆಹಣ್ಣು ಕೊಂಡೆವು. ಅಷ್ಟಾದರೂ ಆ ಹರಿವಾಣದಲ್ಲಿ ಜಾಗ ಉಳಿದಿತ್ತು.

ಮಾಗೋಡಿಗೆ ಹೋಗಿ ಬರಲು ರಿಕ್ಷಾದವನು ಏಳುನೂರು ಹೇಳಿದ. "ಫಾಲ್ಸ್ ನೋಡೋಕಾ?" ಎಂದ. "ಅಲ್ಲ, ಹರಿವಾಣ ಕೊಡೋಕೆ" ಎಂದೆ. ಅವನು ತಿರುಗಿ ನೋಡಿ ರಿಕ್ಷಾ ಚಾಲೂ ಮಾಡಿದ. ದಾರಿಯುದ್ದಕ್ಕೂ ನನಗೆ ಒಂದೇ ಹೆದರಿಕೆ. ನಮ್ಮನ್ನು ಬೈದರೆ ಬೈಯಲಿ, ಆಯಿಯನ್ನು ಕಳ್ಳಿ ಎಂದುಬಿಟ್ಟರೆ? ಅಕ್ಕಯ್ಯನಿಗೂ ಅದೇ ಇತ್ತೆಂದು ಕಾಣುತ್ತದೆ. ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು.

ಮೇಲಿನಮನೆ ಹುಡುಕುವುದು ಕಷ್ಟವಾಗಲಿಲ್ಲ. ಆ ಮನೆಯ ಸೊಸೆ ನೀರು, ಬೆಲ್ಲ ತಂದಿಟ್ಟು, "ಕೂತ್ಗಳಿ, ಆಸ್ರಿಗೆ ಎಂತ ಬೇಕು? ಚಾ, ಮಜ್ಜಿಗೆ?" ಎಂದಳು. ಒಳಗಿನಿಂದ ಎಂಬತ್ತು ದಾಟಿದ ಅವಳ ಅತ್ತೆ ಬಂದರು. ನಾವು ಏನೂ ಹೇಳುವ ಮೊದಲೇ ಅವರ ಕಣ್ಣು ಹರಿವಾಣಕ್ಕೆ ಹೋಯಿತು. ಬಾಗಿ ಅಂಚಿಗೆ ಬೆರಳ ಗೆಣ್ಣಿನಿಂದ ಒಂದು ಏಟು ಹಾಕಿದರು. ಠಣ್ ಎಂದದ್ದು ನಿಲ್ಲುವವರೆಗೆ ಕೇಳಿದರು.

"ಹೆಗಡೆಕಟ್ಟಾ ಬದಿಯವ್ವಾ ನಿಂಗ?"

ಹೌದೆಂದು ತಲೆಯಾಡಿಸಿ ಯಾರ ಮಕ್ಕಳೆಂದು ಹೇಳಿದೆವು.

"ನಿಮ್ಮ ಅಪ್ಪನ ಮುಂಜಿಗೆ ಹೋದದ್ದು ಇದು. ಎನ್ನ ಅತ್ತೆ ಸಾಯವರೆಗೂ ಇದರ ಠಣ್ ಶಬ್ದ ನೆನೆಸಿ 'ಹರಿವಾಣ ಬಂಜಾ' ಹೇಳಿ ಕೇಳ್ತಿತ್ತು. ಈಗ ಬಂತು ನೋಡು!"

ಅಪ್ಪಯ್ಯನ ಮುಂಜಿ! ಆಗ ಆಯಿ ಇನ್ನೂ ಬೇರೆ ಊರಿನಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದ ಹುಡುಗಿ. ಮದುವೆಯಾಗಿ ಬರುವಾಗ ಅದು ಮನೆಯಲ್ಲೇ ಇತ್ತು, ಮನೆಯದೇ ಎಂದು ನಂಬಿದಳು. ಪಾಪ, ಅವಳ ತಪ್ಪೇನೂ ಇಲ್ಲ. ನಾನು ದೊಡ್ಡದಾಗಿ ಉಸಿರು ಬಿಟ್ಟೆ, ಪಕ್ಕದಲ್ಲಿ ಅಕ್ಕಯ್ಯನೂ ಬಿಟ್ಟಳು.

ಅಜ್ಜಿ ಹರಿವಾಣದ ಮೇಲೆ ಅಂಗೈ ಆಡಿಸಿ, "ತಿಕ್ಕಿದ್ದು ಯಾರು? ರಾಶಿ ಚಲೋ ಬೆಳಗಿದ್ದು" ಎಂದರು. ಎಂಟು ಸಾವಿರ ಕಳೆದ ಕೈಗೆ ಅದೊಂದು ಮಾತು ಸಾಕಾಯಿತು.

ಅಪ್ಪೆಹುಳಿ ಊಟ ಮಾಡಿಸದೆ ಅವರು ಬಿಡಲಿಲ್ಲ. ಹೊರಡುವಾಗ ಸೊಸೆ ಒಂದು ಸ್ಟೀಲ್ ಡಬ್ಬಿಯ ತುಂಬ ಕಬ್ಬಿನಹಾಲಿನ ಸಿಹಿ ತೊಡದೇವು ಹಾಕಿ ಕೊಟ್ಟಳು. ರಿಕ್ಷಾ ತಿರುಗುವಾಗ ಹಿಂದೆ ನೋಡಿದೆ. ಜಗುಲಿಯಲ್ಲಿ ಅಜ್ಜಿ ಹರಿವಾಣದ ಹತ್ತಿರವೇ ಕೂತಿದ್ದರು.

ಶಿರಸಿ ನಿಲ್ದಾಣದಲ್ಲಿ ಅಕ್ಕಯ್ಯ ಸಿದ್ದಾಪುರದ ಬಸ್ಸು ಹತ್ತಬೇಕಿತ್ತು. ತೊಡದೇವು ಹಂಚಿಕೊಂಡೆವು, ಡಬ್ಬಿ ಒಂದೇ ಉಳಿಯಿತು. ಇಬ್ಬರೂ ಅದನ್ನೇ ನೋಡಿದೆವು.

"ನೀನೇ ಇಟ್ಗ ಕೂಸೇ," ಎಂದಳು. "ಆದ್ರೆ ವಾಪಸು ಕೊಡಲೆ ಇಬ್ಬರೂ ಹೋಪನ. ತಡ ಮಾಡಡ."

ಮನೆಗೆ ಬಂದವಳು ಸೀರೆ ಬದಲಿಸುವ ಮೊದಲು ಮಾಸದ ಶಾಯಿಯ ಪೆನ್ನು ಹುಡುಕಿ, ಕನ್ನಡಕ ಹಾಕಿಕೊಂಡು, ಡಬ್ಬಿಯ ತಳಕ್ಕೆ ದೊಡ್ಡದಾಗಿ ಬರೆದೆ: ಮೇಲಿನಮನೆ, ಮಾಗೋಡು.