ಹಡಗಿನ ಊಟಕ್ಕೆ ಹೊಲಿಸಿದ ರವಿಕೆ

ಹಡಗಿನಲ್ಲಿ ಎರಡನೆಯ ಸಂಜೆಯ ಊಟಕ್ಕೆ ಎಲ್ಲರೂ ಫಾರ್ಮಲ್ ಆಗಿ ಬರಬೇಕು ಎಂಬ ಮೆಸೇಜು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ನಾನು ಕಾರವಾರದ ನಮ್ಮ ಮನೆಯ ಹಿತ್ತಿಲ ಕಟ್ಟೆಯ ಮೇಲೆ ಬಂಗಡೆ ತೊಳೆಯುತ್ತಿದ್ದೆ. ಇವರು ಮೊಬೈಲು ಹಿಡಿದುಕೊಂಡು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದರು. ಗಂಡಸರು ಸೂಟು ಹಾಕಬೇಕು, ಇಲ್ಲವೇ ಕೋಟಾದರೂ ಬೇಕು. ಹೆಂಗಸರಿಗೆ ಗೌನು ಅಥವಾ ಸೀರೆ. ಚಡ್ಡಿ, ಟೀ ಶರ್ಟು, ರಬ್ಬರ್ ಚಪ್ಪಲಿಯಲ್ಲಿ ಬಂದವರಿಗೆ ಆ ದಿನ ದೊಡ್ಡ ಹಾಲಿನೊಳಗೆ ಪ್ರವೇಶವಿಲ್ಲ.

“ನಿಂಗೆ ಎಂತ ತ್ರಾಸಿಲ್ಲ, ಒಂದು ಸೀರೆ ಉಟ್ಕಂಡ್ರೆ ಮುಗೀತು. ನಂದೇ ಪಂಚಾಯ್ತಿ,” ಎಂದರು.

ನಾನು ಮೀನಿನ ಮೇಲೆ ಇನ್ನೊಂದು ತಂಬಿಗೆ ನೀರು ಸುರಿದೆ.

ಹಡಗಿನ ಈ ಪ್ರವಾಸ ಇವರ ಕಾಲೇಜು ಗೆಳೆಯರ ಯೋಜನೆ. ಎಲ್ಲರಿಗೂ ಅರವತ್ತು ತುಂಬಿತ್ತು. ಯಾರ ಮನೆಯಲ್ಲೂ ಶಾಂತಿ ಹೋಮ ಬೇಡ, ಹೆಂಡತಿಯರನ್ನು ಕರೆದುಕೊಂಡು ಸಮುದ್ರದ ಮೇಲೆ ನಾಲ್ಕು ದಿನ ತಿರುಗಿ ಬರೋಣ ಎಂದು ಮಾತಾಗಿತ್ತು. ಇವರು ಮೀನುಗಾರಿಕೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಜೀವಮಾನವಿಡೀ ದೋಣಿ, ಟ್ರಾಲರು ನೋಡಿದವರಿಗೆ ಊಟ ಬಡಿಸುವ ಹಡಗು ಹತ್ತುವ ಆಸೆ ವಿಪರೀತ ಇತ್ತು. ನನಗೂ ಇತ್ತು. ಆ ಮೆಸೇಜು ಬರುವ ತನಕ.

ಮೂರು ವರ್ಷಗಳ ಹಿಂದೆ ನನಗೆ ಕ್ಯಾನ್ಸರ್ ಆಗಿ ಎಡ ಸ್ತನವನ್ನು ತೆಗೆದಿದ್ದರು. ಔಷಧ, ರೇಡಿಯೇಷನ್ನಿನ ಕರೆಂಟು ಎಲ್ಲ ಮುಗಿದು ಕೂದಲು ಮತ್ತೆ ಬಂತು. ತಪಾಸಣೆಗೆ ಹೋದಾಗಲೆಲ್ಲ ಡಾಕ್ಟರು ಎಲ್ಲ ಸರಿಯಿದೆ ಎನ್ನುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಶಾಲೆಗೆ ಮರಳಿದ ದಿನದಿಂದ ಸೀರೆ ಬಿಟ್ಟು ಸಡಿಲ ಚೂಡಿದಾರ ಹಾಕಿ, ಅದರ ಮೇಲೆ ದುಪಟ್ಟಾವನ್ನು ಎರಡು ಮಡಿಕೆ ಮಾಡಿ ಹೊದೆಯತೊಡಗಿದೆ. ಅಷ್ಟು ವರ್ಷ ಸೀರೆಯಲ್ಲೇ ನೋಡಿದ್ದ ಸಹೋದ್ಯೋಗಿಗಳು, ಟೀಚರು ಈಗ ಮಾಡರ್ನ್ ಆದರು ಎಂದು ತಮಾಷೆ ಮಾಡಿದರು. ನಾನೂ ನಕ್ಕೆ. ಕಾಯಿಲೆಯ ವಿಷಯ ಅವರಿಗೆ ಗೊತ್ತಿತ್ತು. ಬಟ್ಟೆಗೂ ಅದಕ್ಕೂ ಇದ್ದ ಸಂಬಂಧ ಹೊಳೆದಿರಲಿಲ್ಲ. ಹೊಳೆಯದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡಿದ್ದೆ.

ಆಸ್ಪತ್ರೆಯವರು ಒಳಗೆ ಇಟ್ಟುಕೊಳ್ಳಲು ಸಿಲಿಕೋನಿನ ಕೃತಕ ಸ್ತನವೊಂದನ್ನು ಕೊಟ್ಟಿದ್ದರು. ನಮ್ಮ ಕಡಲ ಬದಿಯ ಸೆಕೆಗೆ ಅದರ ಕೆಳಗೆ ಬೆವರಿ, ಅದು ಜಾರಿ, ಮೈಯೆಲ್ಲ ಬೊಕ್ಕೆ ಎದ್ದವು. ಕಪಾಟಿನಲ್ಲಿ ಇಟ್ಟುಬಿಟ್ಟೆ. ಚೂಡಿದಾರದಲ್ಲಿ ಹೇಗೋ ನಡೆಯುತ್ತದೆ. ಸೀರೆಯ ಸೆರಗು ಮಾತ್ರ ಎದೆಯ ಮೇಲೇ ಹಾದು ಹೋಗಬೇಕು. ಒಂದು ಕಡೆ ತುಂಬಿ ಇನ್ನೊಂದು ಕಡೆ ಬಿದ್ದುಹೋದ ಸೆರಗನ್ನು ಒಮ್ಮೆ ಕನ್ನಡಿಯಲ್ಲಿ ನೋಡಿ, ಸೀರೆ ಬಿಚ್ಚಿ ಮಡಚಿಟ್ಟವಳು ಮತ್ತೆ ಉಟ್ಟಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಇವರಿಗೆ ತಾವು ಆಡಿದ ಮಾತಿನ ಅರ್ಥ ಹೊಳೆದಿರಬೇಕು. ಮೀನು ಬಿಡಿಸುತ್ತ ತಗ್ಗಿದ ದನಿಯಲ್ಲಿ, “ಮ್ಯಾಲಿನ ಮಾಳಿಗೆಲಿ ಬಫೆ ಇರ್ತದಂತೆ. ಅಲ್ಲಿ ಯಾವ ಬಟ್ಟೆ ಹಾಕಂಡು ಹೋದ್ರೂ ನಡೀತದೆ. ಆ ದಿನ ನಾವಿಬ್ರೂ ಅಲ್ಲೇ ಊಟ ಮಾಡ್ವ,” ಎಂದರು.

ಒಳ್ಳೆಯ ಉಪಾಯವೇ. ಆದರೆ ಅದನ್ನು ಕೇಳಿ ನನಗೆ ಬೇಸರವೇ ಆಯಿತು. ಈ ಮೂರು ವರ್ಷ ಮದುವೆಗಳಿಗೆ ಹೋದರೆ ಮೂಲೆಯ ಕುರ್ಚಿ, ಫೋಟೋ ತೆಗೆಯುವಾಗ ಹಿಂದಿನ ಸಾಲು. ಹಡಗಿಗೆ ಹೋಗಿಯೂ ಎಲ್ಲರೂ ಕೆಳಗೆ, ನಾವಿಬ್ಬರೇ ಮೇಲೆ.

“ಬೇಡ. ನಾ ಅಂಕೋಲೆಗೆ ಹೋಗಿ ಬತ್ತೆ,” ಎಂದೆ.

ಅಂಕೋಲೆಯಲ್ಲಿ ನನ್ನ ಅಕ್ಕ ಇದ್ದಾಳೆ, ಬೇಲೆಕೇರಿಗೆ ಹೋಗುವ ರಸ್ತೆಯಲ್ಲಿ ಮನೆ. ಮದುವೆಯಾದಾಗಿನಿಂದಲೂ ಸುತ್ತಮುತ್ತಲಿನವರ ರವಿಕೆ ಹೊಲಿಯುತ್ತ ಬಂದವಳು. ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿದೆ. ಚೀಲದಲ್ಲಿ ಕಡು ಹಸಿರಿನ, ಕೆಂಪು ಅಂಚಿನ ರೇಷ್ಮೆ ಸೀರೆ ಇತ್ತು. ಕಾಯಿಲೆ ಗೊತ್ತಾಗುವ ಸ್ವಲ್ಪ ಮೊದಲು ತೆಗೆದುಕೊಂಡದ್ದು, ಒಮ್ಮೆಯೂ ಉಟ್ಟಿರಲಿಲ್ಲ.

ಅಕ್ಕ ಸೀರೆಯನ್ನು ನೋಡಿದಳು, ನನ್ನನ್ನು ನೋಡಿದಳು.

“ನೀ ಸೀರೆ ಉಡೂದು ಬಿಟ್ಟೆ ಅಲ್ವೇ?”

“ಹಡಗಲ್ಲಿ ಉಡೂಕೆ ಬೇಕು. ರವಿಕೆ ಹೊಲ್ದು ಕೊಡ್ತೆ ಏನು?”

ಅವಳು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ, ಟೇಪನ್ನು ಕೊರಳಿಗೆ ಹಾಕಿಕೊಂಡು ಬಂದಳು. ಆಸ್ಪತ್ರೆಯಲ್ಲಿ ಹತ್ತಿರ ಕೂತಿದ್ದವಳು ಅವಳೇ. ಆದರೆ ಬ್ಯಾಂಡೇಜು ಬಿಚ್ಚಿದ ಮೇಲೆ ಆ ಜಾಗವನ್ನು ನಾನು ಅವಳಿಗೂ ತೋರಿಸಿರಲಿಲ್ಲ. ಅಳತೆ ಬೇಕಲ್ಲ, ಅಂಗಿ ತೆಗೆದು ನಿಂತೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕನ್ನಡಕ ಸರಿಮಾಡಿಕೊಂಡು ಬಗ್ಗಿ ಕಂಕುಳಿನ ತನಕ ಹೋದ ಗೆರೆಯನ್ನು ನಿಧಾನವಾಗಿ ನೋಡಿದಳು.

“ಹೊಲಿಗೆ ಚೊಲೋ ಹಾಕಿದಾರೆ,” ಎಂದಳು.

ನನಗೆ ಎಲ್ಲಿಂದ ನಗು ಬಂತೋ. ಅವಳಿಗೂ ಬಂತು. ಇಬ್ಬರೂ ಮಂಚದ ಮೇಲೆ ಕೂತು ನಕ್ಕೆವು. ಹೊರಗಿನಿಂದ ಭಾವ, “ಎಂತಾ ಆಯ್ತೇ?” ಎಂದು ಕೂಗಿದರು. “ಎಂತಾ ಇಲ್ಲ, ನೀವು ಚಾ ಮಾಡ್ಕಣಿ,” ಎಂದು ಅಕ್ಕ ಒಳಗಿನಿಂದಲೇ ಹೇಳಿದಳು.

ಆಪರೇಷನ್ ಆದ ಮೇಲೆ ನನ್ನ ಎಡಗೈ ಸ್ವಲ್ಪ ಬಾತಿತ್ತು. ಅಕ್ಕ ಆ ಕಡೆಯ ತೋಳನ್ನು ಒಂದಿಷ್ಟು ಅಗಲ ಕತ್ತರಿಸಿ, ಹೊರಗಿನಿಂದ ಎರಡೂ ಒಂದೇ ಕಾಣುವಂತೆ ಅಂಚು ಕೂರಿಸಿದಳು. ಕತ್ತು ಮೇಲಕ್ಕೆ ಇಟ್ಟಳು. ಎಡಗಡೆ ಒಳಗೊಂದು ಜೇಬು. ಅದಕ್ಕೆ ತಕ್ಕಂತೆ ಹಳೆಯ ಹತ್ತಿ ಸೀರೆಯ ಬಟ್ಟೆಯಲ್ಲಿ ಸಣ್ಣ ದಿಂಬು ಹೊಲಿದು ಹತ್ತಿ ತುಂಬಿದಳು. ಹಾಕಿ ನೋಡಿದರೆ ಆಕಾರವೇನೋ ಸರಿ ಇತ್ತು. ಆದರೆ ಹಗುರವಾಗಿ, ಕೈ ಎತ್ತಿದರೆ ಅದೂ ಮೇಲಕ್ಕೆ ಬರುತ್ತಿತ್ತು.

“ಭಾರ ಬೇಕು ಇದ್ಕೆ,” ಎಂದು ಅಡುಗೆಮನೆಗೆ ಹೋದವಳು ಸಾಸಿವೆಯ ಡಬ್ಬಿ ಹಿಡಿದುಕೊಂಡು ಬಂದಳು. ಹತ್ತಿಯ ನಡುವೆ ಸಾಸಿವೆ ಸುರಿದು ಅಂಗೈಯಲ್ಲಿ ತೂಗಿ ನೋಡಿ, “ಇಷ್ಟು ಸಾಕೆ? ಇನ್ನೊಂದು ಮುಷ್ಟಿ ಹಾಕ್ಲೆ?” ಎಂದು ಕೇಳಿದಳು. ಒಗ್ಗರಣೆಗೆ ಕೇಳಿದ ಹಾಗೆ ಕೇಳಿದ್ದರಿಂದ ಮತ್ತೆ ನಗು. ದಿಂಬು ಈ ಸಲ ಕೂತಲ್ಲೇ ಕೂತಿತು.

ಇತ್ತ ಇವರ ಕೋಟಿನ ಕತೆ. ಮದುವೆಯಲ್ಲಿ ಹೊಲಿಸಿದ ಸಫಾರಿಯ ಒಂದು ಗುಂಡಿಯೂ ಕೂಡುತ್ತಿರಲಿಲ್ಲ. ಒಂದು ಸಲಕ್ಕಾಗಿ ಹೊಸ ಸೂಟು ಹೊಲಿಸಲು ಮನಸ್ಸಿಲ್ಲ. ಸದಾಶಿವಗಡದಲ್ಲಿ ಇಗರ್ಜಿಯ ಕ್ರೈಸ್ತ ಮದುವೆಗಳಿಗೆ ಕೋಟು ಬಾಡಿಗೆಗೆ ಕೊಡುವ ಸಣ್ಣ ಅಂಗಡಿ ಇದೆ ಎಂದು ಯಾರೋ ಹೇಳಿದರು. ಇಬ್ಬರೂ ಸ್ಕೂಟರಿನಲ್ಲಿ ಸೇತುವೆ ದಾಟಿ ಹೋದೆವು.

“ಮದ್ವೆ ಯಾರ್ದು?” ಎಂದು ಅಂಗಡಿಯವರು ಕೇಳಿದರು.

“ಮದ್ವೆ ಅಲ್ಲ, ಊಟಕ್ಕೆ.”

“ಬರೀ ಊಟಕ್ಕಾ?” ಅವರು ಇವರ ಹೊಟ್ಟೆಯ ಕಡೆ ನೋಡಿ, “ಹಂಗಾರೆ ಸ್ವಲ್ಪ ಸಡಿಲದ್ದೇ ತಕಣಿ,” ಎಂದು ಕರಿ ಕೋಟೊಂದನ್ನು ಇಳಿಸಿದರು. ತೋಳು ಉದ್ದವಾಗಿತ್ತು, ಭುಜ ಸರಿಯಾಗಿತ್ತು. ತೋಳನ್ನು ಒಳಗೆ ಮಡಚಿ ಟಾಕಿ ಹಾಕಿಕೊಟ್ಟರು. ಕನ್ನಡಿಯ ಮುಂದೆ ಇವರು ಎದೆ ಸೆಟೆಸಿ ನಿಂತದ್ದನ್ನು ನೋಡಿ, ಎಷ್ಟು ಆಸೆಪಟ್ಟಿದ್ದಾರೆ ಎಂದು ಗೊತ್ತಾಯಿತು. ಬಫೆಯ ಮಾತಿಗೆ ನಾನು ಒಪ್ಪದಿದ್ದದ್ದು ಒಳ್ಳೆಯದಾಯಿತು.

ಹಡಗು ಹತ್ತಿದ್ದು ಗೋವಾದ ಬಂದರಿನಲ್ಲಿ. ವಿಮಾನ ನಿಲ್ದಾಣದಲ್ಲಿ ಇದ್ದ ಹಾಗೆ ಚೀಲಗಳೆಲ್ಲ ಯಂತ್ರದೊಳಗೆ ಹೋಗಿ ಹೊರಗೆ ಬರಬೇಕು. ಇವರ ಗೆಳೆಯರು, ಅವರ ಹೆಂಡತಿಯರು ನಮ್ಮ ಹಿಂದೆ ಸಾಲಾಗಿ ನಿಂತಿದ್ದರು. ನನ್ನ ಚೀಲ ಹೊರಗೆ ಬಂದಾಗ ತಪಾಸಣೆಯ ಹುಡುಗಿ ಅದನ್ನು ಪಕ್ಕಕ್ಕೆ ಎಳೆದಳು. ಜಿಪ್ಪು ತೆಗೆದು, ಸೀರೆಯ ಕೆಳಗೆ ಕೈಹಾಕಿ ಅಕ್ಕ ಹೊಲಿದ ದಿಂಬನ್ನು ಹೊರಗೆ ತೆಗೆದಳು. ಒತ್ತಿ ನೋಡಿದಳು. ಒಳಗೆ ಸಾಸಿವೆ ಸರಸರ ಎಂದಿತು.

“ಹೆಂ ಕಿತೆಂ?” ಇದೇನು ಎಂದು ಕೊಂಕಣಿಯಲ್ಲಿ ಕೇಳಿದಳು. ಬೀಜ, ಕಾಳು ಹಡಗಿನೊಳಗೆ ಒಯ್ಯುವ ಹಾಗಿಲ್ಲ ಎಂದೂ ಹೇಳಿದಳು.

ದಿಂಬು ಅವಳ ಕೈಯಲ್ಲಿ, ಎಲ್ಲರ ಎದುರು. ಇವರು ನನ್ನನ್ನು ಬದಿಗೆ ಸರಿಸಿ ಮುಂದೆ ಬಂದು, “ಅದು ಮೆಡಿಕಲ್…” ಎಂದು ಶುರು ಮಾಡಿದರು. ಅವರ ಮುಖ ನೋಡಿದರೆ ನನಗಿಂತ ಅವರೇ ಹೆಚ್ಚು ಕಂಗಾಲಾಗಿದ್ದರು. ನಾನು ಅವರ ತೋಳು ಹಿಡಿದು ಹಿಂದೆ ಎಳೆದು, ಆ ಹುಡುಗಿಗೆ ನನಗೆ ಬರುವ ಕಾರವಾರದ ಕೊಂಕಣಿಯಲ್ಲೇ ಹೇಳಿದೆ. ನನಗೆ ಕ್ಯಾನ್ಸರ್ ಆಗಿತ್ತು, ಒಂದು ಎದೆ ತೆಗೆದಿದ್ದಾರೆ, ಸೀರೆ ಉಡುವಾಗ ಒಳಗೆ ಇಟ್ಟುಕೊಳ್ಳಲು ನನ್ನ ಅಕ್ಕ ಇದನ್ನು ಹೊಲಿದು ಕೊಟ್ಟಿದ್ದಾಳೆ, ಭಾರಕ್ಕೆ ಸಾಸಿವೆ ಹಾಕಿದ್ದಾಳೆ.

ಅಪರಿಚಿತರ ಮುಂದೆ ನಾನು ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ತರಗತಿಯಲ್ಲಿ ಲೆಕ್ಕ ಬಿಡಿಸಿ ಹೇಳಿದ ಹಾಗೆ ಇತ್ತು.

ಹುಡುಗಿ ಒಂದು ಕ್ಷಣ ದಿಂಬನ್ನು ತಿರುಗಿಸಿ ಹೊಲಿಗೆ ನೋಡಿದಳು. ಪಕ್ಕದಲ್ಲಿದ್ದ ತನ್ನ ಮೇಲಧಿಕಾರಿಯ ಕಿವಿಯಲ್ಲಿ ಏನೋ ಹೇಳಿದಳು. ಅವರು ಆಗಲಿ ಎಂದು ತಲೆಯಾಡಿಸಿದರು. ಅವಳು ದಿಂಬನ್ನು ತಾನೇ ಸೀರೆಯ ಮಡಿಕೆಯೊಳಗೆ ಜೋಪಾನವಾಗಿ ಇಟ್ಟು ಜಿಪ್ಪು ಎಳೆದಳು. “ಹೋಗಿ ಅಮ್ಮಾ. ಚಂದಾಗಿ ಉಟ್ಟುಕೊಳ್ಳಿ,” ಎಂದಳು ಕೊಂಕಣಿಯಲ್ಲಿ. ಮುಂದಿನ ಚೀಲಕ್ಕೆ ಕೈಹಾಕಿದಳು.

ಹಡಗಿನ ಏಣಿ ಹತ್ತುವಾಗ ನನ್ನ ಹಿಂದೆಯೇ ಇದ್ದ ಹುಬ್ಬಳ್ಳಿಯ ಗೆಳೆಯರ ಹೆಂಡತಿ ನನ್ನ ಚೀಲದ ಇನ್ನೊಂದು ಹಿಡಿಕೆ ಹಿಡಿದುಕೊಂಡರು. ಅವರಿಗೂ ಕೊಂಕಣಿ ಅರ್ಥವಾಗುತ್ತಿತ್ತು, ಎಲ್ಲ ಕೇಳಿಸಿಕೊಂಡಿದ್ದರು. “ಬರ್ರಿ, ಮೊದ್ಲು ಚಾ ಕುಡಿಯೂಣು,” ಎಂದರು, ಅಷ್ಟೇ.

ಮರುದಿನ ಸಂಜೆ ನಮ್ಮ ಕೋಣೆಯ ಬಾಗಿಲು ಬಡಿದವರೂ ಅವರೇ. ನಾನು ರವಿಕೆ ತೊಟ್ಟು ಸೀರೆಯ ನಿರಿಗೆ ಹಿಡಿದುಕೊಂಡು ನಿಂತಿದ್ದೆ. ಹಡಗು ತುಸು ತೂಗಿದಾಗಲೆಲ್ಲ ನಿರಿಗೆ ಕೈಯಿಂದ ಜಾರುತ್ತಿತ್ತು. ಇವರು ನೆಲದ ಮೇಲೆ ಕೂತು ಕೆಳಗಿನ ತುದಿ ಎಳೆದು ಹಿಡಿದಿದ್ದರು. ಹುಬ್ಬಳ್ಳಿಯವರು ಉದ್ದನೆಯ ಕಪ್ಪು ಗೌನು ಹಾಕಿಕೊಂಡು, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ಒಳಗೆ ಬಂದರು.

“ಟೀಚರ್ರ, ಇದರಾಗ ಉಸಿರು ಬಿಡಾಕ ಆಗವಲ್ದು ನೋಡ್ರಿ. ಮಗಳು ಆನ್‌ಲೈನ್‌ನಾಗ ತರಿಸ್ಯಾಳ. ಹಿಂದ ಸ್ವಲ್ಪ ಜಿಪ್ ಇಳಿಸಿ, ಮ್ಯಾಲ ಏನರ ಹೊದಿಸಿಕೊಡ್ರಿ.”

ನನ್ನ ದುಪಟ್ಟಾಗಳಲ್ಲಿ ಜರಿಯದೊಂದಿತ್ತು. ಜಿಪ್ಪು ಅರ್ಧ ಇಳಿಸಿ, ಅದನ್ನು ಹೆಗಲ ಮೇಲಿಂದ ಬೆನ್ನಿಗೆ ಇಳಿಬಿಟ್ಟು ಪಿನ್ನು ಹಾಕಿದೆ. ಅವರು ದೀರ್ಘವಾಗಿ ಉಸಿರುಬಿಟ್ಟು, ನನ್ನ ಸೆರಗನ್ನು ಭುಜದ ಮೇಲೆ ಕೂರಿಸಿಕೊಟ್ಟರು. ಎರಡು ಹೆಜ್ಜೆ ಹಿಂದೆ ಹೋಗಿ ನೋಡಿ, “ಗೊತ್ತ ಆಗಂಗಿಲ್ರಿ. ಖರೇನ,” ಎಂದರು. ನಾನು ಕನ್ನಡಿ ನೋಡಿದೆ. ಹಸಿರು ಸೀರೆ, ಕೆಂಪು ರವಿಕೆ, ಕತ್ತಿನಲ್ಲಿ ಸರ. ಒಬ್ಬ ಟೀಚರು ಊಟಕ್ಕೆ ಹೊರಟ ಹಾಗೆ ಇತ್ತು. ಬೇರೇನೂ ಕಾಣಲಿಲ್ಲ.

ಊಟದ ಹಾಲಿನಲ್ಲಿ ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ ಪರೀಕ್ಷಿಸುತ್ತಾರೆ ಎಂದುಕೊಂಡಿದ್ದೆವು. ಯಾರೂ ನೋಡಲಿಲ್ಲ. ಒಳಗೆ ಸೂಟುಗಳೂ ಇದ್ದವು, ಕುರ್ತಾಗಳೂ ಇದ್ದವು. ಒಬ್ಬರು ಮಹಾಶಯರು ತೋಳು ಮಡಚಿದ ಶರ್ಟಿನಲ್ಲೇ ಬಂದು ಕೂತಿದ್ದರು. ಸೂಪು ಬರುವ ಹೊತ್ತಿಗೆ ನಮ್ಮ ಮೇಜಿನ ಗಂಡಸರೆಲ್ಲ ಕೋಟು ತೆಗೆದು ಕುರ್ಚಿಗೆ ನೇತುಹಾಕಿದರು, ಇವರೊಬ್ಬರನ್ನು ಬಿಟ್ಟು.

“ನೀವೂ ತೆಗೀರಿ, ಬೆವರ್ತಾ ಇದ್ರಿ,” ಎಂದೆ.

ಇವರು ನನ್ನ ಕಿವಿಯ ಹತ್ತಿರ ಬಗ್ಗಿ, “ಶರ್ಟಿಗೆ ಮುಂದಿನ್ ಬದಿಗಷ್ಟೇ ಇಸ್ತ್ರಿ ಹಾಕಿದೆ,” ಎಂದರು.

ನನಗೆ ಸೂಪು ನೆತ್ತಿಗೆ ಹತ್ತಿತು. ಕೆಮ್ಮುತ್ತ, ನಗುತ್ತ, ಸೆರಗು ಎಲ್ಲಿದೆ ಎಂಬುದು ಮರೆತೇಹೋಯಿತು. ನೆನಪಾಗಿ ಮುಟ್ಟಿ ನೋಡಿಕೊಂಡಾಗ ಎಲ್ಲ ತನ್ನ ಜಾಗದಲ್ಲೇ ಇತ್ತು. ಆಚೆ ಕೂತಿದ್ದ ಬೆಳಗಾವಿ ಕಡೆಯ ಒಬ್ಬ ಹೆಂಗಸು ನನ್ನ ಹತ್ತಿರ ಬಂದು, ರವಿಕೆ ಎಷ್ಟು ಚೆನ್ನಾಗಿ ಕೂತಿದೆ, ಎಲ್ಲಿ ಹೊಲಿಸಿದಿರಿ ಎಂದು ಕೇಳಿದರು. ಅಂಕೋಲೆಯಲ್ಲಿ, ನನ್ನ ಅಕ್ಕ ಎಂದೆ. ಅಷ್ಟು ದೂರ ಆಗುವುದಿಲ್ಲವಲ್ಲ ಎಂದು ಅವರು ಪೇಚಾಡಿಕೊಂಡರು. ಹುಬ್ಬಳ್ಳಿಯವರು ಮೇಜಿನ ಕೆಳಗೆ ನನ್ನ ಕಾಲನ್ನು ಮೆಲ್ಲಗೆ ಒದ್ದರು.

ಊಟವಾದ ಮೇಲೆ ವಾದ್ಯದವರು ಕುಣಿಯುವ ಹಾಡು ಹಿಡಿದರು. ಹೆಂಗಸರೆಲ್ಲ ಎದ್ದರು, ನನ್ನನ್ನೂ ಎಳೆದರು. ನನ್ನ ಎಡಗೈ ಭುಜದ ಮಟ್ಟಕ್ಕಿಂತ ಮೇಲೆ ಹೋಗುವುದಿಲ್ಲ. ಹೋದಷ್ಟು ಎತ್ತಿದೆ. ಬಲಗೈ ಪೂರ್ತಿ ಎತ್ತಿದೆ. ಅಲ್ಲಿ ಯಾರ ಕುಣಿತವೂ ನೆಟ್ಟಗಿರಲಿಲ್ಲ. ಇವರು ಕೋಟಿನ ಗುಂಡಿ ಹಾಕಿಕೊಂಡೇ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಬೆಳಿಗ್ಗೆ ಎದ್ದಾಗ ಕಿಟಕಿಯ ತುಂಬ ಬಿಸಿಲು. ಮೈಕೈ ಎಲ್ಲ ಹಿತವಾಗಿ ನೋಯುತ್ತಿತ್ತು. ಇವರು ಆಗಲೇ ಡೆಕ್ಕಿಗೆ ಹೋಗಿ ಎರಡು ಕುರ್ಚಿ ಹಿಡಿದಿದ್ದರು. ನಾನು ಮುಖ ತೊಳೆದು ಮೇಲೆ ಹೋದೆ. ಸಮುದ್ರ ಶಾಂತವಾಗಿತ್ತು, ದಡ ಎಲ್ಲೂ ಕಾಣುತ್ತಿರಲಿಲ್ಲ. ಇಡ್ಲಿ ಗಟ್ಟಿಯಾಗಿತ್ತು, ಚಹಾ ಚೆನ್ನಾಗಿತ್ತು. ನನಗೆ ವಿಪರೀತ ಹಸಿವೆಯಾಗಿತ್ತು. ಆ ಗಟ್ಟಿ ಇಡ್ಲಿಯನ್ನೇ ಎರಡು ಸಲ ಹಾಕಿಸಿಕೊಂಡು ತಿಂದೆ.